ಕ್ರೇನ್ ಬಂತು

ಡಿಸೆಂಬರ್ 9
ಕ್ಯಾಮೆರಾ ಲೆನ್ಸ್ ಮತ್ತೆ ಒರೆಸಿಟ್ಟೆ. ಈ ಕೆಲಸ ಅಕ್ಕನದು. ಈಗ ಅವಳಿಗೆ ಕಲೆ ಎಲ್ಲಿದೆಯೆಂದೇ ಕಾಣುವುದಿಲ್ಲ. ಒಂದು ಕಣ್ಣಿನ ನಡುಭಾಗ ಪೂರ್ತಿ ಮಬ್ಬು. ಇನ್ನೊಂದಕ್ಕೂ ಶುರು. ಡಾಕ್ಟರು ಮುಂದಿನ ಚಳಿಗಾಲದ ಮಾತೇ ಎತ್ತಲಿಲ್ಲ.

ಮೂವತ್ತು ವರ್ಷ ಮದುವೆ ಫೋಟೊ ತೆಗೆದವಳು. ಫ್ಲ್ಯಾಶಿಗೆ ಕಣ್ಣು ಮುಚ್ಚಿದ ಮದುಮಕ್ಕಳು ಸಾಕಂತೆ. “ಒಂದೇ ಒಂದು ಕ್ರೌಂಚ ಹಕ್ಕಿ. ಬೆಳಗಿನ ಬಿಸಿಲಲ್ಲಿ. ನನ್ನ ಕೈಯಾರೆ. ಆಮೇಲೆ ಕ್ಯಾಮೆರಾ ನಿಂದು.”

ಡಿಸೆಂಬರ್ 13, ಸಂಜೆ
ಕೆರೆ ಕಾವಲುಗಾರನ ಫೋನ್. “ಮೇಡಂ, ಕ್ರೇನ್ ಬಂತು! ಭಾರಿ ದೊಡ್ಡದು!”
ಅಕ್ಕ ಆಗಲೇ ಸ್ವೆಟರ್ ಹುಡುಕುತ್ತಿದ್ದಾಳೆ.

ಡಿಸೆಂಬರ್ 14, ಬೆಳಿಗ್ಗೆ 10
ಹಳದಿ ಬಣ್ಣ. ನಾಲ್ಕು ಚಕ್ರ. ಪೈಪು ಎತ್ತುತ್ತಿತ್ತು.
“ನೀವೇ ಅಂದ್ರಲ್ಲಾ ಮೇಡಂ, ಕ್ರೇನ್ ಬಂದ ತಕ್ಷಣ ಫೋನ್ ಮಾಡು ಅಂತ.”
ಹೌದು. ಕೊಕ್ಕರೆ ಅಂದರೆ ಬೆಳ್ಳಕ್ಕಿ ಕಂಡರೂ ಕರೆದಾನು, ಕ್ರೌಂಚ ಅಂದರೆ ತಿಳಿಯಲಿಕ್ಕಿಲ್ಲ ಎಂದು ಹಕ್ಕಿಯ ಇಂಗ್ಲಿಷ್ ಹೆಸರನ್ನು ನಾನೇ ಹೇಳಿಕೊಟ್ಟಿದ್ದೆ. ಅಕ್ಕ ನಕ್ಕು ನಕ್ಕು ಕಾರಿಗೆ ಒರಗಿದಳು. “ಎಂ.ಎ. ಮಾಡಿದೋಳು! ತೆಗಿ ಫೋಟೊ, ಕತ್ತು ಉದ್ದ ಇದೆಯಲ್ಲ!”
ವಾಪಸ್ ಬರುವಾಗಲೂ ಯಂತ್ರದ ಸದ್ದು ಬೆನ್ನಟ್ಟಿತು. ಆ ಸದ್ದಿಗೆ ಯಾವ ಹಕ್ಕಿ ಇಳಿದೀತು...

ಜನವರಿ 3
ಕಾವಲುಗಾರ ಕ್ರೇನ್ ಡ್ರೈವರನ್ನು ಹೇಗೋ ಒಪ್ಪಿಸಿದ್ದಾನೆ — ಒಂಬತ್ತರ ತನಕ ಯಂತ್ರ ಮುಟ್ಟುವುದಿಲ್ಲ. ಇವತ್ತು ಮತ್ತೆ ಫೋನ್. “ಬಂದಿವೆ ಮೇಡಂ. ರೆಕ್ಕೆ ಇರೋವೇ.”

ಜನವರಿ 4
ಹದಿನಾರು! ಮಂಜು ತೆಳುವಾದಂತೆ ಒಂದೊಂದರ ಬೂದು ಬೆನ್ನ ಮೇಲೂ ಬಿಸಿಲು ಬಂದು ಕೂತಿತು. ಇಷ್ಟೆಲ್ಲ ಕವಿತೆ ಓದಿದ್ದೇನೆ, ಒಂದು ಸಾಲೂ ನೆನಪಾಗಲಿಲ್ಲ.
ಅಕ್ಕ ಒದ್ದೆ ನೆಲದಲ್ಲೇ ಮಂಡಿಯೂರಿದಳು. “ಎಲ್ಲಿ?” “ಇನ್ನೂ ಎಡಕ್ಕೆ... ಸಾಕು, ಸಾಕು.” ಇಪ್ಪತ್ತೊಂದು ಸಲ ಒತ್ತಿದಳು.
“ಹೇಗೆ ಬಂದಿದೆ? ನಿಜ ಹೇಳು ಪುಟ್ಟಿ.”
ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು.
“ಮುಂದಿನ ಜೊಂಡು ತುಂಬಾ ಚೆನ್ನಾಗಿ ಬಂದಿದೆ ಅಕ್ಕಾ. ಹಿಂದೆ ಹಕ್ಕಿ... ಬರೀ ಹೊಗೆ.”
ಕ್ಯಾಮೆರಾ ಕೊರಳಿಂದ ತೆಗೆದಳು. ನನ್ನತ್ತ ಚಾಚಿದಳು. ಕೈ ಒಡ್ಡಲು ನನಗೆ ಆಗಲಿಲ್ಲ. ತುಸು ಹೊತ್ತು ಹಾಗೇ ಹಿಡಿದಿದ್ದು, ತಿರುಗಿ ಕೊರಳಿಗೇ ಹಾಕಿಕೊಂಡಳು.
“ಜೊಂಡಿಗೋಸ್ಕರ ಕೊಡೋದಿಲ್ಲ, ಹೋಗೇ.”

ಜನವರಿ 5, ಬೆಳಿಗ್ಗೆ 4.50
ಮಂಜು ನಿನ್ನೆಗಿಂತ ದಟ್ಟ. ಹೊರಗೆ ಹಾರ್ನ್ — ಅಕ್ಕ ಆಗಲೇ ಕಾರಿನಲ್ಲಿ, ಪಕ್ಕದ ಸೀಟಿನಿಂದಲೇ ಬಗ್ಗಿ ಒತ್ತುತ್ತಿದ್ದಾಳೆ. ಬೀದಿಯೆಲ್ಲ ಎದ್ದೀತು. ಬಂದೆ ಅಕ್ಕಾ, ಸಾಕ್ಸ್ ಒಂದೇ ಸಿಕ್ಕಿ—