ಮನೆಯತ್ತ ಬಾಣ

ಸೆಪ್ಟೆಂಬರ್ 11, ಸೋಮವಾರ

ಇವತ್ತು ಸೈಕಲ್ ಸವಾರರಿಗೆ ದಾರಿ ತೋರುವ ಹನ್ನೊಂದು ಹಲಗೆ ಬಾಣಗಳನ್ನು ಮರಗಳಿಗೆ ಹೊಡೆದೆ. ಎರಡು ಮೊಳೆ ಬಾಗಿದವು, ಒಂದು ಹೆಬ್ಬೆರಳು ಜಜ್ಜಿತು. ಬೀಚ್ ಮರಗಳ ಸಾಲಿನಿಂದ ಹಳೆಯ ಗಿರಣಿ ಸೇತುವೆವರೆಗೆ ಮುಗಿಯಿತು. ಅರವತ್ತೆರಡು ಕಿಲೋಮೀಟರ್ ಸುತ್ತು, ಪೂರಾ ಜಲ್ಲಿ ಹಾದಿ. ಉಳಿದದ್ದು ಒಂಬತ್ತು ಕಿಲೋಮೀಟರ್.

ಮೊದಲ ನಲವತ್ತನ್ನು ನನ್ನ ಗಂಡ ರೆಜಿಸ್ ಮುಗಿಸಿಟ್ಟಿದ್ದ. ಜೂನ್ ಒಂಬತ್ತರಂದು ಅದೇ ಬೀಚ್ ಸಾಲಿನ ಏರಿನಲ್ಲಿ ಎದೆ ಹಿಡಿದುಕೊಂಡು ಬಿದ್ದ. ಸೈಕಲ್ ಮೇಲೆ ಒರಗಿ, ಪಕ್ಕದಲ್ಲಿ ಬಣ್ಣದ ಡಬ್ಬಿ.

ಅವನ ಗುರುತುಗಳನ್ನು ಮುಟ್ಟಿಲ್ಲ. ದಾರಿ ತಪ್ಪುವ ಕಡೆ ಬಳಿಯುವ ಬಿಳಿ ಕತ್ತರಿ ಗುರುತು — 'ಈ ಕಡೆ ಅಲ್ಲ' ಅಂತ — ಅದರಲ್ಲೇ ಅವನ ಕೈ ಗೊತ್ತಾಗುತ್ತದೆ. ಎಡಚ. ಎರಡನೇ ಗೆರೆ ಯಾವಾಗಲೂ ಉದ್ದ, ಬಣ್ಣ ಸುರಿಸಿಕೊಂಡು ಬುಡದವರೆಗೆ. ಎಷ್ಟು ಬೈದಿದ್ದೇನೆ. ಈಗ ಆ ಗೆರೆಯ ಮೇಲೆ ಕೈ ಇಟ್ಟು ನಿಲ್ಲುತ್ತೇನೆ, ಹುಚ್ಚಿಯ ಹಾಗೆ.

ಸಂಜೆ ಸೈಕಲ್ ಕ್ಲಬ್ಬಿನ ಗಿಲೇನ್ ಫೋನು. "ಒದಿಲ್, ಅಕ್ಟೋಬರ್ ಎಂಟಕ್ಕೆ ಎಂಬತ್ತು ಜನ ಹೆಸರು ಕೊಟ್ಟಿದಾರೆ ಕಣೇ. ರೆಜಿಸ್ ಹೆಸರಿನ ಬೋರ್ಡೂ ಬಂತು. ಆಗತ್ತೋ ಇಲ್ವೋ ಈಗ್ಲೇ ಹೇಳ್ಬಿಡು."

"ಇಪ್ಪತ್ತೇಳು ವರ್ಷ ಈ ಗುಡ್ಡದಲ್ಲಿ ಟಪಾಲು ಹಂಚಿದೀನಿ. ನಿನ್ನ ಎಂಬತ್ತು ಜನಕ್ಕೆ ದಾರಿ ತೋರ್ಸಕ್ಕೆ ಆಗಲ್ವಾ ನಂಗೆ?"

ಫೋನಿಟ್ಟ ಮೇಲೆ ಅತ್ತೆ.

ಸೆಪ್ಟೆಂಬರ್ 14, ಗುರುವಾರ

ಮರ ಕಡಿಯುವವರ ದೊಡ್ಡ ಯಂತ್ರ ಹೋಗಿ ಚರ್ಚಿಗೆ ಇಳಿಯುವ ಕಾಡು ರಸ್ತೆ ಕೆಸರುಗದ್ದೆಯಾಗಿದೆ. ದರಿದ್ರದವರು. ಬೇರೆ ಉಪಾಯ ಇಲ್ಲ. ಕೊನೆಯ ತುಂಡನ್ನು ನಮ್ಮ ಮನೆಯ ಮೇಲೆ ತಿರುಗಿಸಿದೆ. ಕವಲಿನಿಂದ ನಮ್ಮ ಅಂಗಳ, ಅಂಗಳದಿಂದ ಚೆಸ್ಟ್‌ನಟ್ ತೋಪಿನೊಳಗಿನ ಹಳೆಯ ಹಾದಿಯಲ್ಲಿ ನೇರ ಚರ್ಚಿಗೆ. ಎರಡೂವರೆ ಕಿಲೋಮೀಟರ್, ಸಣ್ಣ ಜಲ್ಲಿ, ಒಳ್ಳೆಯ ಇಳಿಜಾರು. ಎಲ್ಲರೂ ಅಂಗಳದಲ್ಲಿ ನಿಂತು ನೀರು ಕುಡಿಯಲಿ, ನನ್ನ ಅಕ್ರೋಟಿನ ಟಾರ್ಟ್ ತಿನ್ನಲಿ. ರೆಜಿಸ್‌ಗೆ ಖುಷಿಯಾಗುತ್ತಿತ್ತು.

ಕವಲಿನ ಪೈನ್ ಮರಕ್ಕೆ ಬಾಣ ಹೊಡೆದೆ. ಮೂತಿ ನಮ್ಮ ಮನೆಯತ್ತ.

ಸೆಪ್ಟೆಂಬರ್ 15

ಪಕ್ಕದ ಮನೆಯ ಅಮೆದೆ ಅಜ್ಜ ಬೆಳಿಗ್ಗೆಯೇ ಬಂದು ಗೇಟಿನಲ್ಲಿ ನಿಂತಿದ್ದ. ಎಂಬತ್ತನಾಲ್ಕು ವರ್ಷ, ಕೈಯಲ್ಲಿ ಕೋಲು, ಮುಖದಲ್ಲಿ ಜಗಳ.

"ಆ ಬಾಣ ಹೊಡೆದೋರು ಯಾರು?"

"ನಾನೇ. ಯಾಕೆ, ನಿಮ್ಮ ಮೇಕೆಗೇನಾದ್ರೂ ದಾರಿ ತಪ್ಪಿತಾ?"

ನಗಲಿಲ್ಲ. "ಹುಡುಗೀ, ಮನೆ ಬಾಗಿಲಿಗೆ ಬಾಣ ಹೊಡೀತಾರೇನೇ? ಅದೂ ರೆಜಿಸ್ ಇನ್ನೂ ಆ ಹಾದೀಲಿ ಇಳಿದಿಲ್ಲ ಅನ್ನುವಾಗ."

ಐವತ್ತೆಂಟಾದರೂ ಹುಡುಗಿಯೇ ನಾನು ಇವನಿಗೆ. ಮಾತು ಮಾತ್ರ ಎದೆಗೆ ನೆಟ್ಟಿತು. ಈ ಗುಡ್ಡದಲ್ಲಿ ಮನೆಮನೆಗೂ ಸತ್ತವರ ಹಾದಿ ಒಂದಿದೆ; ನಮ್ಮದು ಆ ಚೆಸ್ಟ್‌ನಟ್ ತೋಪಿನದೇ. ಮನೆಯಿಂದ ಹೊರಟವರು ನಾಲ್ವರ ಹೆಗಲ ಮೇಲೆ ಅದೇ ಹಾದಿಯಲ್ಲಿ ಚರ್ಚಿಗೆ ಇಳಿಯಬೇಕು. ನಮ್ಮ ಅತ್ತೆ ಇಳಿದರು, ಮಾವ ಇಳಿದರು. ರೆಜಿಸ್‌ನನ್ನು ಹೆಲಿಕಾಪ್ಟರ್ ಲಿಮೋಜ್ ಆಸ್ಪತ್ರೆಗೆ ಎತ್ತಿಕೊಂಡು ಹೋಯಿತು. ಅಲ್ಲಿಂದ ವ್ಯಾನಿನಲ್ಲಿ, ಡಾಂಬರು ರಸ್ತೆಯಲ್ಲಿ, ಸೀದಾ ಗುಂಡಿಗೆ. ಮನೆಗೆ ಬರಲೇ ಇಲ್ಲ ಅವನು.

"ಅದೆಲ್ಲ ನಿಮ್ಮ ಕಾಲದ್ದು ಅಜ್ಜ."

"ಹೂಂ. ಸಾಯೋದೂ ನಮ್ಮ ಕಾಲದ್ದೇ," ಅಂದ. ಹೋದ.

ಸೆಪ್ಟೆಂಬರ್ 20, ಸಂಜೆ 6

ಹಿಟ್ಟು ನಾದುತ್ತಿದ್ದೆ. ಓಣಿಯಲ್ಲಿ ಸೈಕಲ್ಲಿನ ಟಕಟಕ — ಪೆಡಲ್ ನಿಲ್ಲಿಸಿ ಚಕ್ರ ತಾನಾಗಿ ಓಡುವಾಗಿನ ಸದ್ದು. ಆಮೇಲೆ ಗೇಟಿನಲ್ಲಿ ಬೆಲ್ಲು. ಎರಡು ಸಲ.

ರೆಜಿಸ್ ಬಂದಾಗ ಹಾಗೆಯೇ. ಎರಡು ಸಲ ಬಾರಿಸಿ ಗೇಟು ತೆರೆಯಲಿ ಎಂದು ಕಾಯುವುದು. ನಾನು ಒಳಗಿನಿಂದಲೇ 'ಒಂದ್ನಿಮಿಷ, ಬಂದೆ' ಅಂತ ಕೂಗುವುದು. ಹತ್ತು ನಿಮಿಷ ಬಿಟ್ಟು ಹೋಗುವುದು. ಮದುವೆಯಾಗಿ ಮೂವತ್ತನಾಲ್ಕು ವರ್ಷ, ಒಮ್ಮೆಯೂ ಕೂಡಲೇ ಹೋದವಳಲ್ಲ.

ಇವತ್ತೂ ಕೂಗಿದೆ. "ಒಂದ್ನಿಮಿಷ, ಬಂದೆ!"

ಕೂಗಿದ ಮೇಲೆ ನೆನಪಾಯಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಗೇಟಿನಲ್ಲಿ ಯಾರೂ ಇಲ್ಲ. ಅವನ ಸೈಕಲ್ ಕೊಟ್ಟಿಗೆಯ ಕೊಕ್ಕೆಯಲ್ಲಿ ನೇತಾಡುತ್ತಿದೆ. ಟಯರ್ ಒಣ.

ಸೆಪ್ಟೆಂಬರ್ 22

ಓಣಿಯ ಮಣ್ಣಿನಲ್ಲಿ ಟಯರಿನ ಅಚ್ಚು. ಕವಲಿನಿಂದ ಗೇಟಿನವರೆಗೆ ಬಂದಿದೆ. ವಾಪಸು ಹೋದದ್ದು ಇಲ್ಲ. ಗಿಲೇನ್‌ಗೆ ಫೋನು ಮಾಡಿದೆ, ಯಾರಾದರೂ ಸುತ್ತು ಪರೀಕ್ಷೆ ಮಾಡಲು ಬಂದಿದ್ದರಾ ಎಂದು.

"ನೀನು ಮುಗಿಸ್ದೇ ಯಾರು ಬರ್ತಾರೆ ಮಾರಾಯ್ತಿ? ನಿದ್ದೆ ಮಾಡ್ತಿದೀಯಾ ಸರಿಯಾಗಿ?"

ಮಾಡುತ್ತಿದ್ದೇನೆ. ಜೂನಿನಿಂದ ಈಚೆಗೆ ಇಷ್ಟು ಚೆನ್ನಾಗಿ ಮಾಡಿಲ್ಲ.

ಸೆಪ್ಟೆಂಬರ್ 30

ಎಂಟು ದಿನ ಬರೆದಿಲ್ಲ. ಕೆಲಸವೂ ಮಾಡಿಲ್ಲ. ಆರಕ್ಕೆ ಮೆಟ್ಟಿಲ ಮೇಲೆ ಕೂರುತ್ತೇನೆ. ಟಕಟಕ… ಬೆಲ್ಲು… ಆಮೇಲೆ ಸದ್ದು ಅಡಗುತ್ತದೆ. ಮೊದಲು ಗೇಟಿನಾಚೆ ನಿಲ್ಲುತ್ತಿತ್ತು. ಮಂಗಳವಾರದಿಂದ ಅಂಗಳದೊಳಗೆ. ನಿನ್ನೆ ಮೆಟ್ಟಿಲ ಹತ್ತಿರ, ಕೈ ಚಾಚಿದರೆ ಸಿಗುವಷ್ಟು. ಬೆವರು, ಒದ್ದೆ ಎಲೆ, ಚೈನಿನ ಎಣ್ಣೆಯ ವಾಸನೆ. ಕೈ ಚಾಚಲಿಲ್ಲ. ಇದ್ದರೆ ಇರಲಿ, ಮುಟ್ಟಿ ಯಾಕೆ ಕಳೆದುಕೊಳ್ಳಲಿ?

ಕೊಕ್ಕೆಯಲ್ಲಿರುವ ಸೈಕಲ್ಲಿನ ಚೈನು ಬೆಳಿಗ್ಗೆ ಒದ್ದೆಯಾಗಿತ್ತು. ಹಿಂದಿನ ಬ್ರೇಕಿನಲ್ಲಿ ಒಂದು ಬೀಚ್ ಎಲೆ. ನಮ್ಮ ಸುತ್ತ ಬೀಚ್ ಮರವೇ ಇಲ್ಲ.

ಭಯವಾಗಬೇಕಿತ್ತು. ಖುಷಿಯಾಯಿತು. ಬರೆದೇಬಿಡುತ್ತೇನೆ, ಯಾರು ಓದಬೇಕು — ಖುಷಿಯಾಯಿತು.

ಅಕ್ಟೋಬರ್ 4, ಬುಧವಾರ

ಅಮೆದೆ ಅಜ್ಜ ಅಣಬೆ ತಂದುಕೊಟ್ಟ. ಸೂಪಿಗೆ ಕೂರಿಸಿದೆ. ಮೇಜಿನ ಮೇಲೆ ಆಗಲೇ ಎರಡು ಬಟ್ಟಲಿದ್ದವು. ನೋಡಿದ. ಮೂರನೆಯದನ್ನು ತಾನೇ ತೆಗೆದುಕೊಂಡ. ತಳದಲ್ಲಿ ಉಳಿದ ಸೂಪಿಗೆ ವೈನ್ ಸುರಿದು, ಬಟ್ಟಲೆತ್ತಿ ಕುಡಿದು, ಮೀಸೆ ಒರೆಸಿಕೊಂಡ. ಆಮೇಲೆ ಬಾಯಿಬಿಟ್ಟ.

"ಎಲ್ಲೀವರೆಗೆ ಬಂದಿದಾನೆ?"

"ಮೆಟ್ಟಿಲವರೆಗೆ."

"ಒಳಗೆ ಕರ್ದೆಯಾ?"

"ಇಲ್ಲ."

"ಕರೀಬೇಡ. ನಮ್ಮ ಚಿಕ್ಕಮ್ಮ ಗೊತ್ತಲ್ಲ — ಗಂಡನ್ನ ಕೆಳಗೆ ಮಣ್ಣು ಮಾಡಿ, ಎಲ್ಲರ ಹಾಗೆ ಹಳ್ಳದ ದಾರೀಲಿ ವಾಪಸು ಬರೋದು ಬಿಟ್ಟು, ಸತ್ತೋರ ಹಾದೀಲೇ ಹತ್ತಿ ಬಂದ್ಲು. ಅವನೂ ಜೊತೇಲೇ ಬಂದ. ಮೂರು ತಿಂಗಳು ಎರಡು ತಟ್ಟೆ ಹಾಕಿದ್ಲು. ನಾಲ್ಕನೇ ತಿಂಗಳು ಅವಳನ್ನ ನಾನೇ ಹೆಗಲು ಕೊಟ್ಟು ಇಳಿಸ್ದೆ. ಮೂವತ್ತು ಕಿಲೋನೂ ಇರ್ಲಿಲ್ಲ."

"ಇರ್ಲಿ ಬಿಡಿ ಅಜ್ಜ. ಬಂದ್ರೆ ಬರ್ಲಿ. ನಂಗ್ಯಾರಿದಾರೆ?"

"ನಿನ್ನ ಮಾತು ಹಾಳಾಗ್ಲಿ! ಭಾನುವಾರ ಎಂಬತ್ತು ಜನ ಈ ಹಾದಿ ಇಳೀತಾರೆ. ಒಬ್ಬನೇ ಇಳಿಯಕ್ಕಾಗಲ್ಲ ಅವನಿಗೆ, ಜೊತೆ ಬೇಕು. ಅದರಲ್ಲಿ ಯಾವ ಪಾಪದವನ ಬೆನ್ನು ಹಿಡೀತಾನೋ? ಆಮೇಲೆ ನೀನು ಟಾರ್ಟ್ ಹಂಚ್ತಿರ್ತೀಯಾ?"



ಹೊರಡುವಾಗ ನನ್ನ ತಲೆ ಸವರಿದ. "ನೀನೇ ಇಳಿಸು. ಶನಿವಾರ, ಬೆಳಕಿರುವಾಗ. ಬರುವಾಗ ಹಳ್ಳದ ದಾರಿ ಹಿಡಿ. ಬಟ್ಟೆ ಒಗೆಯೋ ಕಟ್ಟೆ ಹತ್ರ ಕಾಫಿ ಇಟ್ಕೊಂಡು ಕೂತಿರ್ತೀನಿ."

ಅಕ್ಟೋಬರ್ 7, ಶನಿವಾರ, ಮಧ್ಯಾಹ್ನ 3

ಉಳಿದ ಬಾಣಗಳನ್ನು ಹೊಡೆದು ಮುಗಿಸಿ, ಕವಲಿನ ಬಾಣ ಕಿತ್ತೆ. ಬಾಗಿದ ಮೊಳೆಯ ಜೊತೆಗೇ ಅಡುಗೆಮನೆಯ ಡ್ರಾಯರಿನಲ್ಲಿಟ್ಟೆ. ನಾಳೆಯ ಸವಾರರನ್ನು ಕೆಸರಿನಲ್ಲೇ ಕಳಿಸುತ್ತೇನೆ, ಗಿಲೇನ್ ಬೈದುಕೊಳ್ಳಲಿ. ಬಣ್ಣದ ಡಬ್ಬಿ ಕೊಟ್ಟಿಗೆಯಲ್ಲಿ, ಮುಚ್ಚಳ ಬಿಗಿದು. ಅಜ್ಜ ಹೇಜಲ್ ಕಡ್ಡಿಯ ಪುಟ್ಟ ಶಿಲುಬೆ ಮಾಡಿಕೊಟ್ಟಿದ್ದಾನೆ, ಹೆಣ ಇಳಿಸುವವರು ಮಾಡುವ ಹಾಗೆ ಅರ್ಧ ದಾರಿಯ ಮರಕ್ಕೆ ಸಿಕ್ಕಿಸಲು. ರೆಜಿಸ್‌ನ ಸೈಕಲ್ ಇಳಿಸಿ ಗಾಳಿ ತುಂಬಿದೆ, ನಾನೇ ಹತ್ತಲು.

ಅಂಗಳದಲ್ಲಿ ನಿಂತು ಜೋರಾಗಿ ಹೇಳಿದೆ. "ಬಾ ಹೋಗೋಣ. ಕಾಯಿಸಿದ್ದು ಸಾಕು."

ಅದೇ ದಿನ, 4:50, ಚರ್ಚಿನ ಜಗಲಿ

ಇಳಿಸಿದೆ.

ಹಿಂದೆಯೇ ಬಂದ. ನಾನು ಬ್ರೇಕ್ ಹಿಡಿದರೆ ಅವನೂ ಹಿಡಿದ. ತಿರುಗಿ ನೋಡಲಿಲ್ಲ. ದಾರಿಯುದ್ದಕ್ಕೂ ಮಾತಾಡಿದೆ — ಚಾವಣಿ ಸೋರಿದ್ದು, ಪಿಂಚಣಿ ಕಾಗದ, ನಿನ್ನ ನೀಲಿ ಸ್ವೆಟರ್ ನಾನೇ ಹಾಕಿಕೊಳ್ಳುತ್ತಿದ್ದೇನೆ ಅಂತ. ಮರಕ್ಕೆ ಶಿಲುಬೆ ಸಿಕ್ಕಿಸುವಾಗ ಕತ್ತಿನ ಹಿಂದೆ ಉಸಿರು ಬೆಚ್ಚಗಿತ್ತು. ಸ್ಮಶಾನದ ಗೋಡೆ ಬಂದದ್ದೇ ಟಕಟಕ ನಿಂತಿತು. ಸಮಾಧಿಯ ಮೇಲೆ ಕೈ ಇಟ್ಟು ಅತ್ತೆ. ಮನಸ್ಸು ಹಗುರಾಯಿತು. ಮುಗಿಯಿತು ಎಂದುಕೊಂಡೆ.

ಹಳ್ಳದ ದಾರಿಯ ಬಾಯಿಗೆ ಹೋದೆ. ಓಕ್ ಮರದ ಮೇಲೆ ಬಿಳಿ ಕತ್ತರಿ ಗುರುತು. ಈ ಕಡೆ ಅಲ್ಲ.

ಎರಡನೇ ಗೆರೆ ಉದ್ದ. ಬುಡದವರೆಗೆ ಸುರಿದಿದೆ. ಮುಟ್ಟಿದೆ — ಹಸಿ. ಈ ಪುಟದ ಮೂಲೆಯಲ್ಲಿರುವುದು ಅದೇ ಬಣ್ಣ.

ವಾಪಸು ತಿರುಗಿದರೆ ನಮ್ಮ ಹಾದಿಯ ಮೊದಲ ಚೆಸ್ಟ್‌ನಟ್ ಮರಕ್ಕೆ ಬಾಣ. ಬಾಗಿದ ಮೊಳೆಯ ಸಮೇತ. ಡ್ರಾಯರಿನಲ್ಲಿಟ್ಟು ಬಂದ ಬಾಣ. ಮೂತಿ ಮೇಲಕ್ಕೆ, ಮನೆಯತ್ತ.

5:05

ಬಣ್ಣ ಅಷ್ಟೇ ಅದು. ಈ ಕಾಡಿನಲ್ಲಿ ನಾನೇ ಮುನ್ನೂರು ಬಳಿದಿದ್ದೇನೆ. ದಾಟಿ ಹೋಗಬಹುದು. ಅಜ್ಜ ಕೆಳಗೆ ಕೂಗುತ್ತಿದ್ದಾನೆ, ಇಲ್ಲಿಗೇ ಕೇಳುತ್ತದೆ. "ಒದಿಲ್! ಎಲ್ಲಿದೀಯೇ? ಕಾಫಿ ಆರ್ತಾ ಇದೆ!" ನಾನೂರು ಹೆಜ್ಜೆ. ನಾಳೆ ಎಂಬತ್ತು ಜನ, ಬೋರ್ಡು, ಗಿಲೇನ್. ಚಿಕ್ಕಮ್ಮನ ಮೂವತ್ತು ಕಿಲೋ.

ಹೋಗುತ್ತೇನೆ. ಅಜ್ಜನ ಹತ್ತಿರವೇ ಹೋಗುತ್ತೇನೆ.

5:10

ಚೆಸ್ಟ್‌ನಟ್ ತೋಪಿನಿಂದ ಬೆಲ್ಲು. ಎರಡು ಸಲ.

ಮೂವತ್ತನಾಲ್ಕು ವರ್ಷ ಗೇಟಿನಲ್ಲಿ ಕಾಯಿಸಿದೆ ಅವನನ್ನು. ಈ ಸಲ ಒಂದ್ನಿಮಿಷವೂ —