ಮತ್ತೆ ಸದನಕ್ಕೆ ಬಂದವನು

ಕಲ್ಲಾಂಗ್,
ಶನಿವಾರ, ೧೮ ಅಕ್ಟೋಬರ್ ೨೦೨೫

ಪ್ರೀತಿಯ ಅಮ್ಮ,

ವಾಟ್ಸ್ಆ್ಯಪ್‌ನಲ್ಲಿ ಬರೆದು ಅಳಿಸಿ ಸಾಕಾಗಿ ಕಾಗದ ಹಿಡಿದಿದ್ದೇನೆ. ಕಾಗುಣಿತ ತಪ್ಪಿದ್ದರೆ ನಗಬೇಡ.

ನಿನ್ನೆ ನನ್ನ ಪ್ರಬಂಧದ ಮೌಖಿಕ ಪರೀಕ್ಷೆ ಮುಗಿಯಿತು. ಸೈಲಸ್ ಪೋರ್ಟರ್ ಬಗ್ಗೆ ಅಡುಗೆಮನೆಯಲ್ಲಿ ಅರ್ಧ ಹೇಳಿದ್ದೆ, ನೆನಪಿದೆಯಾ? ಅಮೆರಿಕದ ದಕ್ಷಿಣದಲ್ಲಿ ಗುಲಾಮನಾಗಿ ಹುಟ್ಟಿ, ಅಲ್ಲಿನ ಅಂತರ್ಯುದ್ಧ ಮುಗಿದು ಬಿಡುಗಡೆಯಾದ ಮೇಲೆ ಶಾಸನಸಭೆಗೆ ಆರಿಸಿ ಬಂದ ಕಪ್ಪು ಮನುಷ್ಯ. ಉಳಿದರ್ಧ ಹೇಳುವ ಮೊದಲೇ ನಾನು ಮನೆ ಬಿಟ್ಟೆ.

ಅವನು ಬೇಸಿಗೆಯಿಡೀ ಬಿಳಿಯರ ಪಕ್ಕದಲ್ಲೇ ಕೂತ. ಕಪ್ಪು ಮಕ್ಕಳಿಗೂ ಶಾಲೆ ಬೇಕೆಂದು ಮಸೂದೆ ತಂದ. ಒಂದು ದಿನ ಸದನವೇ, ನಿಮ್ಮವರು ವೋಟು ಹಾಕಬಹುದು, ಇಲ್ಲಿ ಕೂರುವಂತಿಲ್ಲ ಎಂದು ಮತ ಹಾಕಿ ಕಪ್ಪು ಸದಸ್ಯರನ್ನೆಲ್ಲ ಹೊರಗೆ ಕಳಿಸಿತು. ಪೋರ್ಟರ್ ಹೇಳಬೇಕಾದ್ದನ್ನೆಲ್ಲ ಹೇಳಿ, ಟೋಪಿ ಎತ್ತಿಕೊಂಡು ನಡೆದ. ಅರ್ಜಿ ಹಿಡಿದು ವಾಷಿಂಗ್ಟನ್ನಿಗೆ ಅಲೆದ. ಎರಡು ವರ್ಷದ ಮೇಲೆ ಅಲ್ಲಿಂದ ಆದೇಶ ಬಂದು ಅದೇ ಸದನಕ್ಕೆ ಮರಳಿ, ಅದೇ ಮಸೂದೆಯನ್ನು ಮತ್ತೆ ಓದಿದ. ಪಾಸಾಯಿತು. ಮುಂದಿನ ಚುನಾವಣೆಯಲ್ಲಿ ಬಂದೂಕು ಹಿಡಿದವರು ಅವನ ಮತದಾರರನ್ನು ದಾರಿಯಲ್ಲೇ ತಡೆದರು. ಸೋತ. ಶಾಲೆ ಮಾತ್ರ ಉಳಿಯಿತು.

ಅವಮಾನ ಮಾಡಿದ ಜಾಗಕ್ಕೆ ಯಾಕೆ ಮರಳಿದ ಎಂದು ಪರೀಕ್ಷಕರೊಬ್ಬರು ಕೇಳಿದರು. ಅದು ಅವನದೂ ಜಾಗ ಅಂದೆ. ಹೇಳುತ್ತಲೇ ನಮ್ಮ ಮನೆ ನೆನಪಾಯಿತು.

ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನೀರಜ್‌ನ ಜಾತಿ ಕೇಳಿದ ದಿನ ಅಪ್ಪ, ಅವನನ್ನೇ ಮದುವೆಯಾಗುವುದಾದರೆ ಈ ಮನೆಗೆ ಬರಬೇಡ ಎಂದರು. ನಾನು ಒಂದು ಮಾತೂ ಆಡದೆ ಬ್ಯಾಗ್ ಎತ್ತಿಕೊಂಡು ಬಂದೆ. "ಇನ್ನೂ ಸ್ವಲ್ಪ ದಿನ ವೇಟ್ ಮಾಡೋಣ" ಅನ್ನುತ್ತಾನೆ ನೀರಜ್. ಅವನಿಗಿರುವ ತಾಳ್ಮೆ ನನಗಿಲ್ಲ. ರಾತ್ರಿಯೆಲ್ಲ ಅಪ್ಪನಿಗೆ ಹೇಳಬೇಕಾದ ಮಾತುಗಳನ್ನೇ ಜೋಡಿಸುತ್ತಿರುತ್ತೇನೆ.

ಇಲ್ಲಿ ರೂಮಿನಲ್ಲಿ ಆರಾಮಾಗಿದ್ದೇನೆ. ಚಿಂತೆ ಮಾಡಬೇಡ.

ನಿನ್ನ ಮಗಳು,
ಭೂಮಿ

ತಾ.ಕ.: ಸುಳ್ಳು ಬರೆದೆ ಅಮ್ಮ. ಕಲ್ಲಾಂಗ್‌ನ ರೂಮಿನಲ್ಲಿಲ್ಲ, ಯಿಶುನ್‌ನಲ್ಲೇ, ನಮ್ಮ ಮನೆಯ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್‌ನ ಖಾಲಿ ಜಾಗದಲ್ಲಿ, ಕಲ್ಲುಮೇಜಿನ ಹತ್ತಿರ ಕೂತಿದ್ದೇನೆ. ಇದನ್ನು ಲೆಟರ್‌ಬಾಕ್ಸಿಗೆ ಹಾಕಿ ಓಡಿಹೋಗೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಪ್ಪ ಸೊಪ್ಪಿನ ಚೀಲ ಹಿಡಿದು ಬಂದರು. ನೋಡಿದರು. ಎದುರು ಕೂತರು.

"ಪರೀಕ್ಷಾ ಏನಾತು?"

"ಪಾಸ್ ಆಯ್ತಪ್ಪ. ಆದ್ರೆ ನೀರಜ್‌ನ ನಾನು ಬಿಡಲ್ಲ."

ಸೊಪ್ಪಿನ ಚೀಲದ ಬಾಯಿ ಬಿಗಿದು ಕಟ್ಟಿ, "ನಾ ಇನ್ನೂ ಒಪ್ಪಿಲ್ಲ" ಅಂದರು. ಎದ್ದು ಹೋಗಿ ಈಗ ಲಿಫ್ಟಿನ ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ.

"ಮ್ಯಾಲ ನಡಿ," ಅನ್ನುತ್ತಿದ್ದಾರೆ. "ಅಲ್ಲೇ ಕುಂತು ಜಗಳಾಡೋಣು."