ಮದ್ದು ಹೊಡೆಯದ ಕಾಲುವೆ

ಅಮ್ಮಾ,

ನಿನ್ನ ಕಣ್ಣಿನ ಆಪರೇಷನ್ನಿಗೆ ನಾನು ಬರೋಕಾಗಲ್ಲ. ಇಲ್ಲಿ ಕಾಲುವೆ ತುಂಬಾ ನೇರಳೆ ಹೂ ಬಿಡೋ ಅಂತರಗಂಗೆ ಕಳೆ ಹಬ್ಬಿಬಿಟ್ಟಿದೆ. ಕಿತ್ತಷ್ಟೂ ಬರುತ್ತೆ. ದೋಣಿಯಲ್ಲಿ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿದೆ.

ಮೊನ್ನೆ ಮೇಸ್ತ್ರಿ, "ಮದ್ದು ಹೊಡೆದುಬಿಡೋಣ, ವಾರದೊಳಗೆ ಎಲ್ಲರೂ ಮನೆ ಸೇರಬಹುದು" ಅಂದರು. ಎಲ್ಲರ ಮುಖ ಅರಳಿತು, ನನ್ನದೂ ಅರಳಿತು. ಆಮೇಲೆ ಕೇಳಿದೆ, "ಕೆಳಗಿನ ಊರಿನವರು ಇದೇ ನೀರು ಕುಡಿಯೋದಲ್ವಾ?"

"ಅಲ್ಲಿ ನಿನಗ್ಯಾರಮ್ಮ ಇದ್ದಾರೆ?"

"ನಮ್ಮಮ್ಮ ಇದ್ದಾಳೆ" ಅಂದೆ.

ಅವರು ಮದ್ದಿನ ಡಬ್ಬಗಳನ್ನು ವಾಪಸ್ ಲಾರಿಗೆ ಹಾಕಿಸಿದರು. ಈಗ ಎಲ್ಲಾ ಕೈಯಲ್ಲೇ ಕೀಳಬೇಕು, ರಜೆ ಇಲ್ಲ. ಜೊತೆಯವರು ನನ್ನ ಹತ್ತಿರ ಸರಿಯಾಗಿ ಮಾತಾಡ್ತಿಲ್ಲ. ಅವರ ಮನೆಯಲ್ಲೂ ಮಕ್ಕಳು ಕಾಯ್ತಿದ್ದಾರೆ, ಏನಂತ ಹೇಳಲಿ.

ಆಸ್ಪತ್ರೆಗೆ ಚಿಕ್ಕಮ್ಮನ್ನ ಕರ್ಕೊಂಡು ಹೋಗು. ಒಬ್ಬಳೇ ಹೋಗ್ತೀನಿ ಅಂತ ಹಟ ಮಾಡಬೇಡ. ಪಟ್ಟಿ ಬಿಚ್ಚಿದ ತಕ್ಷಣ ಒಲೆ ಮುಂದೆ ಕೂರಬೇಡ.

ಕಣ್ಣು ಸರಿಹೋದ ಮೇಲೆ ಕಾಲುವೆ ಕಡೆ ನೋಡ್ತಾ ಇರು. ನೇರಳೆ ಹೂವಿನ ಗಿಡ ತೇಲಿಬಂದರೆ, ಚೆನ್ನಾಗಿದೆ ಅಂತ ಬಿಡಬೇಡ. ನೀನು ಬಗ್ಗಬೇಡ, ಯಾರಿಗಾದರೂ ಹೇಳಿ ದಡಕ್ಕೆ ಎಳೆಸಿಹಾಕು. ನನ್ನ ಕೈ ತಪ್ಪಿಸಿಕೊಂಡು, ನನಗಿಂತ ಮೊದಲು ನಿನ್ನ ಹತ್ತಿರ ಬಂದದ್ದು ಅದು.

ನಿನ್ನ ದೊಡ್ಡವಳು